ಬಂಡವಾಳಗಾರರೆಲ್ಲರೂ ಒಂದೇ ವರ್ಗವೇ?

ಕಾರ್ಲ್ ಮಾರ್ಕ್ಸ್‌ನ ಹೆಸರು ಕೇಳಿದೊಡನೆ ನಮ್ಮ ವರ್ತಕ ಬಾಂಧವರ ಮನಸ್ಸಿಗೆ ಬರುವುದು ಮಾಲೀಕ ಮತ್ತು ಕಾರ್ಮಿಕ ಎಂಬ ಎರಡು ಪಾಳೆಯಗಳ ಚಿತ್ರ. ಬ್ಯಾಂಕಿನ ಒಡೆಯ, ಗಿರಣಿಯ ಮಾಲೀಕ, ಸಗಟು ವ್ಯಾಪಾರಿ, ಕಿರಾಣಿ ಅಂಗಡಿಯವ ಎಲ್ಲರೂ ಅದರಲ್ಲಿ ಒಂದೇ ಪಂಕ್ತಿಯಲ್ಲಿ ಕುಳಿತಂತೆ ತೋರುತ್ತದೆ. 1848ರ ಕಮ್ಯುನಿಸ್ಟ್ ಪ್ರಣಾಳಿಕೆಯನ್ನಷ್ಟೇ ಬಲ್ಲವರಿಗೆ ಹೀಗೆನಿಸುವುದು ಸಹಜ. ಆದರೆ ಎರಡು ವರ್ಷಗಳ ತರುವಾಯ, ಫ್ರಾನ್ಸಿನ ಘಟನೆಗಳನ್ನು ಕುರಿತು ಆತನೇ ಬರೆದ ಲೇಖನಮಾಲೆಯಲ್ಲಿ ಬೂರ್ಜ್ವಾ ವರ್ಗ, ಎಂದರೆ ಬಂಡವಾಳದ ಒಡೆತನವುಳ್ಳ ವರ್ಗ, ಒಡೆದ ಮನೆಯಾಗಿಯೇ ಕಾಣಿಸಿಕೊಳ್ಳುತ್ತದೆ. ಆ ಸಿದ್ಧಾಂತವನ್ನು ಒಪ್ಪುವುದು ಬಿಡುವುದು ಅವರವರಿಗೆ ಸೇರಿದ್ದು. ಸಾಲ, ಬಡ್ಡಿ, ಬಾಡಿಗೆಗಳ ನಡುವೆ ವ್ಯವಹಾರ ನಡೆಸುವವರಿಗೆ ಮಾತ್ರ ಈ ಭಾಗ ಅಪರಿಚಿತವೆನಿಸಲಾರದು.

1830ರಿಂದ 1848ರವರೆಗೆ ಫ್ರಾನ್ಸನ್ನು ಆಳಿದವನು ದೊರೆ ಲೂಯಿ ಫಿಲಿಪ್. ಮತದ ಹಕ್ಕಿಗೆ ಸಾಮಾನ್ಯವಾಗಿ ವರ್ಷಕ್ಕೆ 200 ಫ್ರಾಂಕ್ ನೇರ ತೆರಿಗೆ ಕಟ್ಟಬೇಕಾಗಿದ್ದುದರಿಂದ, ಸುಮಾರು 3.5 ಕೋಟಿ ಜನರ ದೇಶದಲ್ಲಿ ಮತದಾರರು 2.4 ಲಕ್ಷದಷ್ಟು ಮಾತ್ರ. ಅವರಲ್ಲಿಯೂ ಅಧಿಕಾರ ನಡೆಸಿದ್ದು ಇಡೀ ಬೂರ್ಜ್ವಾ ವರ್ಗವಲ್ಲ, ಅದರ ಒಂದು ಬಣ ಮಾತ್ರ ಎಂಬುದು ಮಾರ್ಕ್ಸ್‌ನ ವಾದ. ಬ್ಯಾಂಕರುಗಳು, ಷೇರುಪೇಟೆಯ ಧಣಿಗಳು, ರೈಲ್ವೆ ಹಾಗೂ ಗಣಿಗಳ ಒಡೆಯರು ಸೇರಿದ ಈ ಬಣವನ್ನು ಆತ ಹಣಕಾಸು ಶ್ರೀಮಂತವರ್ಗವೆಂದು ಕರೆದನು. ಸರ್ಕಾರದ ಖೋತಾ ಆಯವ್ಯಯವೇ ಇವರ ಸಂಪಾದನೆಯ ಮೂಲವಾಗಿತ್ತು. ಖಜಾನೆ ಬರಿದಾದಷ್ಟೂ ಹೊಸ ಸಾಲ, ಸಾಲ ಹೆಚ್ಚಿದಷ್ಟೂ ಬಡ್ಡಿ. ಸರಕು ತಯಾರಿಸುವ ಉದ್ಯಮಿಗೆ ಬೇಕಾಗಿದ್ದುದು ಮಿತವ್ಯಯದ ಸರ್ಕಾರ. ಆದುದರಿಂದ ಆತ ವಿರೋಧ ಪಕ್ಷದಲ್ಲಿ ಕುಳಿತನು.

1847ರ ವಾಣಿಜ್ಯ ಮುಗ್ಗಟ್ಟು ಈ ಬಿರುಕನ್ನು ಇನ್ನೂ ಅಗಲವಾಗಿಸಿತು. ವಿದೇಶಿ ಮಾರುಕಟ್ಟೆಯನ್ನು ಕಳೆದುಕೊಂಡ ದೊಡ್ಡ ತಯಾರಕರೂ ಸಗಟು ವರ್ತಕರೂ ಪ್ಯಾರಿಸ್ಸಿನಲ್ಲಿಯೇ ದೊಡ್ಡ ಮಳಿಗೆಗಳನ್ನು ತೆರೆದರೆಂದೂ, ಅವರ ಪೈಪೋಟಿಯಲ್ಲಿ ಸಣ್ಣ ಅಂಗಡಿಕಾರರು ಗುಂಪುಗುಂಪಾಗಿ ದಿವಾಳಿಯೆದ್ದರೆಂದೂ ಮಾರ್ಕ್ಸ್ ದಾಖಲಿಸಿದ್ದಾನೆ. (ದೊಡ್ಡ ಮಳಿಗೆಗಳ ಬಗೆಗಿನ ದೂರು ಇತ್ತೀಚಿನದೆಂದು ನಾವು ಭಾವಿಸಿದ್ದೆವು!) 1848ರ ಫೆಬ್ರವರಿ ಕ್ರಾಂತಿಯಲ್ಲಿ ಈ ಅಂಗಡಿಕಾರರು ಕಾರ್ಮಿಕರ ಜೊತೆಗೂಡಿದ್ದು ಹೀಗೆ.

ಆದರೆ ಸ್ನೇಹ ನಾಲ್ಕು ತಿಂಗಳಷ್ಟೂ ಉಳಿಯಲಿಲ್ಲ. ನಿರುದ್ಯೋಗಿಗಳಿಗಾಗಿ ತೆರೆದಿದ್ದ ರಾಷ್ಟ್ರೀಯ ಕಾರ್ಯಾಗಾರಗಳನ್ನು ಮುಚ್ಚಲು ಸರ್ಕಾರ ಮುಂದಾದಾಗ, ಜೂನ್ 23ರಿಂದ 26ರವರೆಗೆ ಪ್ಯಾರಿಸ್ಸಿನ ಕಾರ್ಮಿಕರು ದಂಗೆಯೆದ್ದರು. ಬೀದಿಯಲ್ಲಿ ಅಡ್ಡಗಟ್ಟೆಗಳಿದ್ದರೆ ಅಂಗಡಿಗೆ ಗಿರಾಕಿ ಬರುವುದೆಲ್ಲಿಂದ? ಅಂಗಡಿಕಾರರು ರಾಷ್ಟ್ರೀಯ ರಕ್ಷಣಾ ದಳದ ಸಮವಸ್ತ್ರ ಧರಿಸಿ ದಂಗೆಯನ್ನು ಅಡಗಿಸಲು ಹೊರಟರು. ಅಡ್ಡಗಟ್ಟೆಯ ಆಚೆ ನಿಂತಿದ್ದವರು ಅವರ ಗಿರಾಕಿಗಳು ಮತ್ತು ಅವರಿಗೆ ಬಾಕಿ ಕೊಡಬೇಕಾದವರು. ಈಚೆಗಿದ್ದವರು ಅವರಿಗೆ ಸಾಲ ಕೊಟ್ಟವರು ಎಂಬುದನ್ನು ಮಾರ್ಕ್ಸ್ ಎತ್ತಿ ತೋರಿಸುತ್ತಾನೆ. ಗೆದ್ದು ಹಿಂದಿರುಗಿದವರನ್ನು ಎದುರುಗೊಂಡದ್ದು ವಾಯಿದೆ ಮೀರಿದ ಹುಂಡಿಗಳು, ಬಾಕಿಯುಳಿದ ಬಾಡಿಗೆ, ಸಾಲಗಾರರ ನೋಟೀಸುಗಳು. ವ್ಯಾಪಾರ ಸ್ಥಗಿತಗೊಂಡ ಕಾರಣಕ್ಕಾಗಿಯೇ ಪಾವತಿ ತಪ್ಪಿದವರಿಗೆ ಕಾಲಾವಕಾಶ ನೀಡುವ ಮಸೂದೆಯೊಂದು ಬಂದಿತಾದರೂ, ರಾಷ್ಟ್ರೀಯ ಸಭೆಯು ಅದೇ ಆಗಸ್ಟ್‌ನಲ್ಲಿ ಅದರ ಮುಖ್ಯಾಂಶಗಳನ್ನು ತಳ್ಳಿಹಾಕಿತು.

ಈ ಒಳಜಗಳಕ್ಕೆ ಲೆಕ್ಕಾಚಾರದ ಆಧಾರ ದೊರೆಯುವುದು ಎಂಗೆಲ್ಸ್ 1894ರಲ್ಲಿ ಪ್ರಕಟಿಸಿದ ‘ಬಂಡವಾಳ’ದ ಮೂರನೆಯ ಸಂಪುಟದಲ್ಲಿ. ಅಲ್ಲಿನ ಉದಾಹರಣೆಯನ್ನು ರೂಪಾಯಿಗಳಲ್ಲಿಯೇ ಓದಿಕೊಳ್ಳೋಣ. ತಯಾರಕನ 900 ರೂ. ಬಂಡವಾಳವು ಶ್ರಮದ ಮೂಲಕ 180 ರೂ. ಹೆಚ್ಚುವರಿ ಮೌಲ್ಯವನ್ನು ಉತ್ಪಾದಿಸುತ್ತದೆ. ಸರಕಿನ ಬೆಲೆ 1,080 ರೂ. ಅದನ್ನು ಮಾರಲು ವರ್ತಕನು 100 ರೂ. ಹೂಡಿದರೆ ಒಟ್ಟು ಬಂಡವಾಳ 1,000 ರೂ. ಆಗಿ, ಲಾಭದ ದರವು ಶೇ. 20ರಿಂದ ಶೇ. 18ಕ್ಕೆ ಇಳಿಯುತ್ತದೆ. ತಯಾರಕ 1,062ಕ್ಕೆ ಕೊಡುತ್ತಾನೆ, ವರ್ತಕ 1,080ಕ್ಕೆ ಮಾರುತ್ತಾನೆ. ಒಬ್ಬನಿಗೆ 162, ಇನ್ನೊಬ್ಬನಿಗೆ 18. ಗಮನಿಸಬೇಕಾದುದೆಂದರೆ, ಇಲ್ಲಿ ವರ್ತಕನು ಗಿರಾಕಿಯನ್ನು ವಂಚಿಸಿಲ್ಲ. ಮಾರಾಟದ ಹೊರೆಯನ್ನು ಹೊತ್ತುಕೊಂಡುದಕ್ಕೆ ತಯಾರಕನೇ ತನ್ನ ಪಾಲಿನಲ್ಲಿ ಒಂದಂಶ ಬಿಟ್ಟುಕೊಟ್ಟಿದ್ದಾನೆ. ಸಾಲ ಕೊಟ್ಟವನ ಬಡ್ಡಿ, ನೆಲದೊಡೆಯನ ಬಾಡಿಗೆಗಳೂ ಇದೇ ಮೊತ್ತದಿಂದ ಹೋಗತಕ್ಕವು. ಮೊತ್ತ ಒಂದೇ, ಪಾಲುದಾರರು ಹಲವರು. ಆದುದರಿಂದ ಕಾರ್ಮಿಕನ ಎದುರಿಗೆ ಒಂದಾಗುವವರು ಹಂಚಿಕೆಯ ಹೊತ್ತಿಗೆ ಬೇರೆಯಾಗುತ್ತಾರೆ.

ಸಣ್ಣ ಮಾಲೀಕರು ಕಾಲಕ್ರಮೇಣ ಕಾರ್ಮಿಕ ವರ್ಗಕ್ಕೆ ಜಾರುವರೆಂದು ಪ್ರಣಾಳಿಕೆ ಹೇಳಿತ್ತು. ಅದು ಹಾಗೆ ನಡೆದಿಲ್ಲವೆಂದು ಜರ್ಮನಿಯ ಸಮಾಜವಾದಿ ಎಡ್ವರ್ಡ್ ಬರ್ನ್‌ಸ್ಟೀನ್ 1899ರಲ್ಲಿಯೇ ಅಂಕಿಅಂಶಗಳೊಡನೆ ವಾದಿಸಿದನು. ಈ ವಿಷಯದಲ್ಲಿ ಬರ್ನ್‌ಸ್ಟೀನನ ಮಾತೇ ಹೆಚ್ಚು ಸರಿಯೆಂದು ನಮಗೆ ತೋರುತ್ತದೆ.

ಚೀನಾದಲ್ಲಿ ಮಾವೋ 1926ರಲ್ಲಿ ವಿದೇಶಿ ಬಂಡವಾಳದ ದಲ್ಲಾಳಿಗಳನ್ನೂ ರಾಷ್ಟ್ರೀಯ ಬಂಡವಾಳಗಾರರನ್ನೂ ಬೇರ್ಪಡಿಸಿ ನೋಡಿದನು. ನಮ್ಮ ದೇಶದಲ್ಲಿ 1964ರಲ್ಲಿ ಕಮ್ಯುನಿಸ್ಟ್ ಪಕ್ಷ ಇಬ್ಭಾಗವಾದಾಗಲೂ, ಪ್ರಭುತ್ವ ಯಾವ ಬಂಡವಾಳಗಾರರ ಕೈಯಲ್ಲಿದೆ, ಅವರಲ್ಲಿ ಯಾರೊಡನೆ ಮೈತ್ರಿ ಸಾಧ್ಯ ಎಂಬುದು ವಿವಾದದ ಒಂದು ಮುಖ್ಯ ಅಂಶವಾಗಿತ್ತು.

ಮಾರ್ಕ್ಸ್‌ವಾದದ ಗೊಡವೆಯೇ ಇಲ್ಲದ ನಮ್ಮ ಕಾನೂನಿನಲ್ಲಿಯೂ ಇಂತಹ ಗೆರೆಗಳು ಕಾಣಸಿಗುತ್ತವೆ. 2006ರ ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಅಭಿವೃದ್ಧಿ ಕಾಯಿದೆಯು ಸಣ್ಣ ಪೂರೈಕೆದಾರನಿಗೆ ಹೆಚ್ಚೆಂದರೆ 45 ದಿನಗಳೊಳಗೆ ಹಣ ಪಾವತಿಯಾಗಬೇಕೆಂದೂ, ತಪ್ಪಿದಲ್ಲಿ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ತೆರಬೇಕೆಂದೂ ವಿಧಿಸಿತು. ಚಿಲ್ಲರೆ ಮತ್ತು ಸಗಟು ವರ್ತಕರನ್ನು 2021ರ ಜುಲೈನಲ್ಲಿ ಉದ್ಯಮ ನೋಂದಣಿಗೆ ಸೇರಿಸಿಕೊಳ್ಳಲಾಯಿತು. ಆದರೆ ಆ ಆದೇಶವು ಅವರಿಗಿತ್ತ ಸೌಲಭ್ಯ ಆದ್ಯತಾ ವಲಯದ ಸಾಲಕ್ಕೆ ಸೀಮಿತವಾಗಿತ್ತು; 45 ದಿನಗಳ ರಕ್ಷಣೆ ತಯಾರಕರ ಮತ್ತು ಸೇವಾ ಉದ್ಯಮಗಳ ಪಾಲಿಗೇ ಉಳಿಯಿತು.