ಕೆಲಸದ ಒತ್ತಡ: ಮೊದಲು ಕಾಣುವುದು ಮನೆಯವರಿಗೆ

ಹೊಸೂರಿನ ಸಿಪ್ಕಾಟ್ ಕಾರ್ಖಾನೆಗಳಲ್ಲಿ ದುಡಿಯುವವರ ಮನೆಗಳಲ್ಲಿ ಊಟ, ನಿದ್ದೆ, ಮಾತುಕತೆ ಎಲ್ಲವೂ ಶಿಫ್ಟಿಗೆ ತಕ್ಕಂತೆ ನಡೆಯುತ್ತವೆ. ಅದರ ಜತೆಗೆ ಟಾರ್ಗೆಟ್, ಗುತ್ತಿಗೆ ಮುಗಿಯುವ ಆತಂಕ, ಮೇಲಿನವರ ಬೈಗುಳ. ಕೇಳಿದರೆ "ಸ್ವಲ್ಪ ಸುಸ್ತು, ಅಷ್ಟೇ" ಎನ್ನುತ್ತಾರೆ.

ಬರೀ ಸುಸ್ತಾದರೆ ಒಂದು ದಿನದ ರಜೆ, ಒಳ್ಳೆಯ ನಿದ್ದೆಯಿಂದ ಹೋಗುತ್ತದೆ. ರಜೆ ಮುಗಿದರೂ ಹೋಗದ ದಣಿವು, ಸಣ್ಣದಕ್ಕೂ ಮಕ್ಕಳ ಮೇಲೆ ರೇಗಾಟ, ಪದೇ ಪದೇ ತಲೆನೋವು, ಊಟ ಸೇರದಿರುವುದು, ಕೆಲಸಕ್ಕೆ ಹೊರಡುವ ಹೊತ್ತಾದರೆ ಮುಖ ಬಾಡುವುದು, ಇವು ವಾರಗಟ್ಟಲೆ ಮುಂದುವರಿದರೆ ಅದು ಒತ್ತಡ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ 'ಬರ್ನ್‌ಔಟ್' ಎಂಬುದನ್ನು ವಿವರಿಸುವಾಗ ಅದನ್ನು ರೋಗವೆನ್ನಲಿಲ್ಲ, ಕೆಲಸದ ಸ್ಥಳದಲ್ಲಿ ಸರಿಯಾಗಿ ನಿಭಾಯಿಸದೆ ಉಳಿದ ಒತ್ತಡದ ಫಲ ಎಂದಿತು. ಆದ್ದರಿಂದ "ನಿನಗೇ ಧೈರ್ಯ ಸಾಲದು" ಎಂದು ಮೂದಲಿಸುವುದು ಅನ್ಯಾಯ.

ವಾರಕ್ಕೆ 55 ಗಂಟೆ ಅಥವಾ ಹೆಚ್ಚು ದುಡಿಯುವವರಿಗೆ, 35ರಿಂದ 40 ಗಂಟೆ ದುಡಿಯುವವರಿಗಿಂತ ಪಾರ್ಶ್ವವಾಯುವಿನ ಅಪಾಯ ಸುಮಾರು ಶೇ. 35ರಷ್ಟು ಹೆಚ್ಚು ಎಂದು ಅದೇ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 2021ರಲ್ಲಿ ತಿಳಿಸಿದವು. ಓ.ಟಿ. ಬೇಡವೆನ್ನುವ ಸ್ಥಿತಿಯಲ್ಲಿ ಎಷ್ಟು ಮನೆಗಳಿವೆ? ಸಾಲದ ಕಂತಿದೆ, ಶಾಲೆಯ ಫೀಸಿದೆ. ಆದರೂ ತಿಂಗಳಿಗೆ ನಿಜಕ್ಕೂ ಎಷ್ಟು ಓ.ಟಿ. ಬೇಕೆಂದು ಗಂಡಹೆಂಡಿರು ಕುಳಿತು ಒಮ್ಮೆ ಲೆಕ್ಕ ಹಾಕಿ.

ರಾತ್ರಿ ಪಾಳಿಯ ನಿದ್ದೆಯನ್ನು ಮನೆಯವರು ಕಾಯಬೇಕು. ಬೆಳಕು ಬಿದ್ದರೆ ದೇಹ ಎಚ್ಚರವಾಗಲು ನೋಡುತ್ತದೆ. ಕಿಟಕಿಗೆ ದಪ್ಪ ಪರದೆ ಹಾಕಿ. ಮಲಗುವವರ ಮೊಬೈಲ್ ಬೇರೆ ಕೋಣೆಯಲ್ಲಿರಲಿ. ರೇಷನ್ ಅಂಗಡಿ, ಬ್ಯಾಂಕಿನ ಕೆಲಸ ಅವರು ಎದ್ದ ಮೇಲೆ ನೋಡಿದರಾಯಿತು. ಪಾಳಿಯ ಕೊನೆಯ ಗಂಟೆಗಳಲ್ಲಿ ಕಾಫಿ, ಟೀ ಬೇಡ. ನಿದ್ದೆಗೆಂದು ಕುಡಿಯುವ ಮದ್ಯ ಕಣ್ಣು ಮುಚ್ಚಿಸೀತು, ಆದರೆ ನಿದ್ದೆಯನ್ನು ಕೆಡಿಸುತ್ತದೆ. ಹೆಣ್ಣುಮಕ್ಕಳ ಪಾಡು ಇನ್ನೂ ಕಷ್ಟ: ಕಾರ್ಖಾನೆಯಿಂದ ಬಂದವರಿಗೆ ಅಡುಗೆಮನೆಯಲ್ಲಿ ಎರಡನೇ ಪಾಳಿ ಕಾದಿರುತ್ತದೆ. ಸೊಪ್ಪು ಬಿಡಿಸಲು, ಪಾತ್ರೆ ತೊಳೆಯಲು ಗಂಡಸರಿಗೂ ಕೈಗಳಿವೆ.

ಸೂಪರ್‌ವೈಸರ್ ಬಳಿ "ನನ್ನಿಂದಾಗದು" ಎನ್ನುವುದಕ್ಕಿಂತ, ಯಾವ ಕೆಲಸ, ಯಾವ ಹೊತ್ತಿನಲ್ಲಿ ಮೀರುತ್ತಿದೆ ಎಂದು ಬಿಡಿಸಿ ಹೇಳಿ. ಒಬ್ಬರೇ ಹೇಳಲು ಹೆದರಿಕೆಯಾದರೆ ಅದೇ ಲೈನಿನ ಇಬ್ಬರು ಮೂವರು ಸೇರಿ ಹೇಳಬಹುದು.

ಎದೆನೋವು ಬಂದರೆ ಒತ್ತಡವಿರಬೇಕೆಂದು ಸುಮ್ಮನಿರದೆ ತಕ್ಷಣ ಆಸ್ಪತ್ರೆಗೆ ಹೋಗಿ. "ಬದುಕಿ ಏನು ಪ್ರಯೋಜನ" ಎಂಬ ಮಾತು ಬಾಯಿಂದ ಬಂದರೆ ಅವರನ್ನು ಒಂಟಿಯಾಗಿ ಬಿಡಬೇಡಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲೂ ರಾತ್ರಿ ಉಚಿತವಾಗಿ ಕರೆ ಮಾಡಬಹುದು. ಅಲ್ಲಿ ಕನ್ನಡದಲ್ಲೂ ತಮಿಳಿನಲ್ಲೂ ಮಾತನಾಡುತ್ತಾರೆ. ಮನೆಯವರೂ ಕರೆ ಮಾಡಿ ಸಲಹೆ ಕೇಳಬಹುದು.