ಸಮ್ಮುಖದರ್ಶಕ: ದೃಷ್ಟಿಯೂ ಅವಧಾನವೂ

ಪುಷ್ಯಮಾಸದ ಮುಂಜಾವಿನಲ್ಲಿ ದೆಹಲಿಯನ್ನು ಮುಸುಕುವ ದಟ್ಟ ಮಂಜಿನ ಪರಿಚಯ ಇಲ್ಲಿ ನೆಲಸಿರುವ ಕನ್ನಡಿಗರೆಲ್ಲರಿಗೂ ಉಂಟು. ಬೆಂಗಳೂರಿನಿಂದ ಬರುವ ನೆಂಟರಿಗಾಗಿ ಇಂದಿರಾ ಗಾಂಧಿ ವಿಮಾನನಿಲ್ದಾಣದಲ್ಲಿ ಗಂಟೆಗಟ್ಟಲೆ ಕಾದವರೂ ನಮ್ಮಲ್ಲಿ ಅನೇಕರು. ತಕ್ಕ ಉಪಕರಣಗಳೂ ಶಿಕ್ಷಣ ಪಡೆದ ವೈಮಾನಿಕರೂ ಇದ್ದಲ್ಲಿ, ಆ ನಿಲ್ದಾಣದ ಓಡುದಾರಿಯಲ್ಲಿ 50 ಮೀಟರಿನಷ್ಟು ದೂರ ಮಾತ್ರ ಕಾಣುತ್ತಿರುವಾಗಲೂ ವಿಮಾನವನ್ನು ಇಳಿಸಬಹುದು. ಆದರೆ ಇಳಿಯುವ ದೊಡ್ಡ ವಿಮಾನವು ಸೆಕೆಂಡಿಗೆ ಸುಮಾರು 70 ಮೀಟರು ಸಾಗುತ್ತಿರುತ್ತದೆ. ಇಳಿಸುವ ಕಾರ್ಯವನ್ನು ಬಹುಮಟ್ಟಿಗೆ ಯಂತ್ರವೇ ನಡೆಸಿದರೂ, ವೈಮಾನಿಕನು ಫಲಕವನ್ನು ನೋಡಲು ತಲೆ ತಗ್ಗಿಸಿ ಮರಳಿ ಎತ್ತುವಷ್ಟು ಕಾಲವೂ ಅಲ್ಲಿ ಅಮೂಲ್ಯವಾದುದು.

ಈ ತೊಂದರೆಗೆ ಪರಿಹಾರವಾಗಿ ಹುಟ್ಟಿದ ಉಪಕರಣವೇ ಹೆಡ್-ಅಪ್ ಡಿಸ್‌ಪ್ಲೇ. ಇದನ್ನು ನಾವು ಸಮ್ಮುಖದರ್ಶಕವೆಂದು ಕರೆಯಬಹುದು. ಇದರ ತತ್ತ್ವವನ್ನು ತಿಳಿಯಲು ಕರ್ನಾಟಕ ಎಕ್ಸ್‌ಪ್ರೆಸ್ಸಿನ ರಾತ್ರಿಯ ಪ್ರಯಾಣವನ್ನು ನೆನೆದರೆ ಸಾಕು. ಕಿಟಕಿಯ ಗಾಜಿನಲ್ಲಿ ನಮ್ಮ ಮುಖವೂ ಕಾಣುತ್ತದೆ, ಹೊರಗಿನ ಊರಿನ ದೀಪಗಳೂ ಕಾಣುತ್ತವೆ. ಆದರೆ ಮುಖದ ಬಿಂಬವು ಸಮೀಪದಲ್ಲಿದೆ, ದೀಪಗಳು ದೂರದಲ್ಲಿವೆ. ಒಂದನ್ನು ದಿಟ್ಟಿಸಿದರೆ ಮತ್ತೊಂದು ಮಸಕಾಗುತ್ತದೆ. ಸಮ್ಮುಖದರ್ಶಕದಲ್ಲಿ ಈ ದೋಷವನ್ನು ಮಸೂರಗಳ ಮೂಲಕ ನಿವಾರಿಸಿದ್ದಾರೆ. ಅಂಕೆಗಳೂ ರೇಖೆಗಳೂ ಮೂಡುವ ಒಂದು ಚಿಕ್ಕ ಪರದೆಯ ಕಿರಣಗಳನ್ನು ಮಸೂರಗಳು ಸಮಾಂತರಗೊಳಿಸುತ್ತವೆ; ವೈಮಾನಿಕನ ಮುಂದಿನ ಓರೆಗಾಜು ಅವುಗಳನ್ನು ಅವನ ಕಣ್ಣಿನತ್ತ ತಿರುಗಿಸುತ್ತದೆ. ಸಮಾಂತರ ಕಿರಣಗಳು ಬಹುದೂರದಿಂದ ಬಂದಂತೆ ತೋರುವುದರಿಂದ, ಆ ಅಂಕೆಗಳು ದಿಗಂತದಲ್ಲಿಯೇ ಬರೆದಂತಿರುತ್ತವೆ. ಕಣ್ಣು ತನ್ನ ನಾಭಿಯನ್ನು ಬದಲಿಸಬೇಕಾಗಿಲ್ಲ.

ಈ ಉಪಾಯದ ಬೀಜವನ್ನು 1900ರಲ್ಲಿ ಡಬ್ಲಿನ್ನಿನ ಹೊವರ್ಡ್ ಗ್ರಬ್ ಎಂಬ ದೂರದರ್ಶಕ ನಿರ್ಮಾಪಕರು ಬಂದೂಕಿನ ಗುರಿಗಾಗಿ ರೂಪಿಸಿದ್ದರು. ಎರಡನೆಯ ಮಹಾಯುದ್ಧದ ಯುದ್ಧವಿಮಾನಗಳಲ್ಲಿ ಅದು ಗುರಿದರ್ಶಕವಾಯಿತು. ಅನಂತರ ವೇಗ, ಎತ್ತರ, ವಿಮಾನದ ಓಲು ಮೊದಲಾದ ವಿವರಗಳೂ ಅದಕ್ಕೆ ಸೇರಿಕೊಂಡವು.

ನಮ್ಮ ದೇಶದಲ್ಲಿ ಈ ವಿದ್ಯೆಯ ಇತಿಹಾಸಕ್ಕೆ ದೆಹಲಿಯ ನಂಟೂ ಉಂಟು, ಬೆಂಗಳೂರಿನ ನಂಟೂ ಉಂಟು. 1959ರಲ್ಲಿ ನವದೆಹಲಿಯಲ್ಲಿ ಸ್ಥಾಪಿತವಾಗಿ, ಕೆಲವೇ ವರ್ಷಗಳಲ್ಲಿ ಚಂಡೀಗಢಕ್ಕೆ ತೆರಳಿದ ಕೇಂದ್ರೀಯ ವೈಜ್ಞಾನಿಕ ಉಪಕರಣ ಸಂಸ್ಥೆಯೇ ತೇಜಸ್ ಯುದ್ಧವಿಮಾನದ ಸಮ್ಮುಖದರ್ಶಕವನ್ನು ರೂಪಿಸಿತು. ಆ ವಿಮಾನವು ಮೊದಲು ಹಾರಿದುದು 2001ರ ಜನವರಿ 4ರಂದು, ಬೆಂಗಳೂರಿನ ಆಕಾಶದಲ್ಲಿ. ಪ್ರಯಾಣಿಕರ ವಿಮಾನಗಳ ಪೈಕಿ, 2012ರಲ್ಲಿ ಏರ್ ಇಂಡಿಯಾಕ್ಕೆ ಬಂದ ಬೋಯಿಂಗ್ 787ರಲ್ಲಿ ಇಬ್ಬರು ವೈಮಾನಿಕರಿಗೂ ಒಂದೊಂದು ಸಮ್ಮುಖದರ್ಶಕವಿದೆ.

1988ರಲ್ಲಿ ಅಮೆರಿಕೆಯ ಜನರಲ್ ಮೋಟಾರ್ಸ್ ಇದನ್ನು ಮೋಟಾರು ಕಾರಿಗೆ ತಂದಿತು. ಇಂದು ಗುರುಗ್ರಾಮ, ನೋಯ್ಡಾಗಳ ರಸ್ತೆಗಳಲ್ಲಿಯೂ ಇಂತಹ ಕಾರುಗಳನ್ನು ಕಾಣಬಹುದು. ಸಾಮಾನ್ಯವಾಗಿ ಇದರ ಬಿಂಬವು ಚಾಲಕನಿಂದ ಕೆಲವೇ ಮೀಟರು ಮುಂದೆ ತೋರುತ್ತದೆ. ಇನ್ನು ನಮ್ಮ ಮಕ್ಕಳಾಡುವ ವಿಡಿಯೋ ಆಟಗಳಲ್ಲಿ ಅಂಕ, ಆಯುಷ್ಯ, ನಕ್ಷೆ ಇವುಗಳನ್ನು ತೋರಿಸುವ ಭಾಗಕ್ಕೂ ಇದೇ ಹೆಸರು. ಆದರೆ ಅಲ್ಲಿ ಮಸೂರವೂ ಇಲ್ಲ, ಓರೆಗಾಜೂ ಇಲ್ಲ. ಆಟದ ಲೋಕವೂ ಅಂಕೆಗಳೂ ಒಂದೇ ಪರದೆಯ ಮೇಲೆ ಮೂಡುವುದರಿಂದ ದೂರದ ಪ್ರಶ್ನೆಯೇ ಏಳುವುದಿಲ್ಲ. ಹೆಸರು ಮಾತ್ರ ವಿಮಾನದಿಂದ ಬಂದುದು.

ಇಷ್ಟಾದರೂ ಒಂದು ಮಾತನ್ನು ಮರೆಯಲಾಗದು. ಸಾಮಾನ್ಯ ಸಮ್ಮುಖದರ್ಶಕಕ್ಕೆ ಮಂಜನ್ನು ಭೇದಿಸುವ ಶಕ್ತಿಯಿಲ್ಲ. ಅನ್ಯ ಯಂತ್ರಗಳು ಅಳೆದುದನ್ನು ಅದು ಕಣ್ಣಮುಂದೆ ಇಡುತ್ತದೆ, ಅಷ್ಟೆ. ಅಲ್ಲದೆ, ಕಣ್ಣು ಹೊರಗಿದ್ದ ಮಾತ್ರಕ್ಕೆ ಮನಸ್ಸೂ ಹೊರಗಿರುತ್ತದೆಂದು ಹೇಳಲಾಗದು. 1980ರಲ್ಲಿ ಪ್ರಕಟವಾದ ನಾಸಾದ ಒಂದು ಪ್ರಯೋಗವು ಇದನ್ನು ಚೆನ್ನಾಗಿ ತೋರಿಸಿತು. ಅನುಭವಿಗಳಾದ ವೈಮಾನಿಕರು ಕೃತಕ ಚಾಲನಾಕೋಣೆಯಲ್ಲಿ ಕುಳಿತು ವಿಮಾನವನ್ನು ಇಳಿಸುತ್ತಿದ್ದಾಗ, ಓಡುದಾರಿಗೆ ಅಡ್ಡವಾಗಿ ಇನ್ನೊಂದು ವಿಮಾನವನ್ನು ತೋರಿಸಲಾಯಿತು. ಸಮ್ಮುಖದರ್ಶಕದ ರೇಖೆಗಳಲ್ಲಿ ಮಗ್ನರಾಗಿದ್ದ ಕೆಲವರಿಗೆ, ಅದೇ ಗಾಜಿನ ಹಿಂದೆ ನೇರವಾಗಿ ಇದ್ದ ಆ ವಿಮಾನ ಕಾಣಲೇ ಇಲ್ಲ!

ದೃಷ್ಟಿ ಬೇರೆ, ಅವಧಾನ ಬೇರೆ. ಮೊದಲನೆಯದನ್ನು ಮಸೂರಗಳು ತಿದ್ದಬಲ್ಲವು. ಎರಡನೆಯದನ್ನು ಅಭ್ಯಾಸವೇ ತಿದ್ದಬೇಕು. ಮಂಜಿನ ಮುಂಜಾವಿನಲ್ಲಿ ಇಂತಹ ಕಾರನ್ನು ನಡೆಸುವವರು ಗಾಜಿನ ಮೇಲೆ ತೋರುವ ಅಂಕೆಯನ್ನು ಓದಲಿ. ಆದರೆ ಅದರಾಚೆಯ ರಸ್ತೆಯನ್ನು ಮರೆಯದಿರಲಿ.