ಎಂಜಿನ್ ಕೆಟ್ಟ ಮಂಜಿ

ಮಂಗಳೂರಿನ ಹಳೆ ಬಂದರಿನಿಂದ ಸಿಮೆಂಟು, ದಿನಸಿ, ತರಕಾರಿ ಹೊತ್ತು ಲಕ್ಷದ್ವೀಪಕ್ಕೆ ಹೋಗುವ ಪುಟ್ಟ ಸರಕು ಹಡಗೇ ಮಂಜಿ. ಒಂದು ಕಾಲಕ್ಕೆ ಹಾಯಿಯನ್ನು ನೆಚ್ಚಿದ್ದ ಮಂಜಿ ಇಂದು ಡೀಸೆಲ್ ಎಂಜಿನ್ನಿನಿಂದ ಓಡುತ್ತದೆ. ಡೀಸೆಲ್ಲಿಗೆ ನೀರು ಸೇರಿದರೆ, ಎಂಜಿನ್ ತಂಪು ಮಾಡುವ ನೀರಿನ ಕೊಳವೆ ಕಟ್ಟಿಕೊಂಡರೆ, ತೇಲಿಬಂದ ಬಲೆಯ ತುಂಡು ಪ್ರೊಪೆಲ್ಲರ್‌ಗೆ ಸುತ್ತಿಕೊಂಡರೆ ಓಟ ಅಲ್ಲಿಗೇ ನಿಂತಂತೆ.

ನಿಂತ ಹಡಗಿಗೆ ಚುಕ್ಕಾಣಿಯ ಹಿಡಿತವೂ ಇರುವುದಿಲ್ಲ. ಅದು ಮೆಲ್ಲಗೆ ತಿರುಗಿ ಅಲೆಗಳಿಗೆ ಅಡ್ಡವಾಗುತ್ತದೆ. ಹೊಯ್ದಾಟಕ್ಕೆ ಮೂಟೆಗಳು ಒಂದೇ ಮಗ್ಗುಲಿಗೆ ಜಾರುತ್ತವೆ. ನೀರೆತ್ತುವ ಪಂಪು ಎಂಜಿನ್ನಿನ ಬಲದಿಂದಲೇ ನಡೆಯುವಂಥದ್ದಾದರೆ ಒಳಗೆ ಸೇರಿದ ನೀರು ಹೊರಹೋಗುವುದಿಲ್ಲ. ದ್ವೀಪದ ದಾರಿಯಲ್ಲಿ ಕಡಲು ಸಾವಿರ ಮೀಟರಿಗೂ ಮೀರಿ ಆಳವಿರುವುದರಿಂದ ಲಂಗರು ಹಾಕುವ ಮಾತೇ ಇಲ್ಲ. ಆಗ ಉಳಿಯುವ ಆಸರೆ ರೇಡಿಯೊ. 16ನೇ ಚಾನೆಲ್ಲಿನಲ್ಲಿ ಕೊಟ್ಟ ಕರೆ ಕೇಳಿದ ಹಡಗು ನೆರವಿಗೆ ಬರುವುದು ಕಡಲಿನ ಕಟ್ಟಳೆ.

ನೆರವಿಗೆ ಬಂದ ಹಡಗು ಕೆಟ್ಟ ಮಂಜಿಯನ್ನು ಎಳೆಯುವ ಕೆಲಸಕ್ಕೆ ಬಲಕ್ಕಿಂತ ತಾಳ್ಮೆ ಬೇಕು. ಮೊದಲು ತೆಳು ಹಗ್ಗ ಎಸೆದು, ಅದಕ್ಕೆ ಕಟ್ಟಿದ ದಪ್ಪ ಹಗ್ಗವನ್ನು ಸೆಳೆದುಕೊಳ್ಳುತ್ತಾರೆ. ಮರದ ಒಡಲಿನ ಹಡಗಾದ್ದರಿಂದ ಮೂತಿಯ ಒಂದೇ ಗೂಟಕ್ಕೆ ಬಿಗಿದರೆ ಗೂಟವೇ ಕಿತ್ತುಬರಬಹುದು. ಭಾರ ಎರಡೂ ಬದಿಗೆ ಹಂಚಿಹೋಗುವಂತೆ ಕಟ್ಟಬೇಕು. ಹಗ್ಗ ಉಜ್ಜುವ ಕಡೆ ಗೋಣಿ ಸುತ್ತಬೇಕು. ಹಗ್ಗ ಉದ್ದವಿದ್ದು ನಡುವೆ ಜೋತುಬಿದ್ದರಷ್ಟೇ ಅಲೆಯ ಜಗ್ಗಾಟವನ್ನು ತಡೆದುಕೊಳ್ಳುತ್ತದೆ. ಬಿಗಿದ ನೈಲಾನ್ ಹಗ್ಗ ಹರಿದರೆ ಅದರ ಹೊಡೆತಕ್ಕೆ ಜೀವವೇ ಹೋಗಬಹುದು, ಹಾಗಾಗಿ ಅದರ ನೇರಕ್ಕೆ ಯಾರೂ ನಿಲ್ಲಬಾರದು.

ಹೆಚ್ಚು ಕಷ್ಟದ ಜಾಗ ದಡದ ಹತ್ತಿರವೇ ಇದೆ. ನೇತ್ರಾವತಿ, ಗುರುಪುರ ನದಿಗಳು ಕಡಲು ಸೇರುವ ಅಳಿವೆಯಲ್ಲಿ ಮರಳಿನ ದಿಬ್ಬ ಬೆಳೆಯುತ್ತದೆ, ಅಲೆ ಅಲ್ಲೇ ಒಡೆಯುತ್ತದೆ. ಭರತದ ಹೊತ್ತಿಗೆ ಕಾದು, ಹಗ್ಗ ಗಿಡ್ಡ ಮಾಡಿ ದಾಟಿಸಬೇಕು. ಒಳಗಿನ ಶಾಂತ ನೀರಿನಲ್ಲಿ ಎರಡೂ ಹಡಗುಗಳನ್ನು ಮಗ್ಗುಲಿಗೆ ಮಗ್ಗುಲು ಕಟ್ಟಿ ದಕ್ಕೆಗೆ ತರುವುದು ಸುಲಭ.

ಎಳೆದು ತರುವ ಅವಕಾಶ ಎಲ್ಲರಿಗೂ ಸಿಗುವುದಿಲ್ಲ. 2025ರ ಮೇ 12ರಂದು ಮಂಗಳೂರಿನಿಂದ ಕಡಮತ್ ದ್ವೀಪಕ್ಕೆ ಸಿಮೆಂಟು ಮತ್ತಿತರ ಕಟ್ಟಡ ಸಾಮಗ್ರಿ ಹೊತ್ತು ಹೊರಟ 'ಸಲಾಮತ್' ಹಡಗು ನೀರು ನುಗ್ಗಿ ಮುಳುಗಿತು. ಚಿಕ್ಕ ದೋಣಿಗಿಳಿದ ಆರು ಮಂದಿಯನ್ನು ದಾರಿಹೋಕ ಹಡಗು 'ಎಪ್ಸಿಲಾನ್' ಕಂಡು ತಿಳಿಸಿತು. ಕರಾವಳಿ ಕಾವಲು ಪಡೆಯ 'ವಿಕ್ರಮ್' ಎಲ್ಲರನ್ನೂ ಜೀವಂತ ಕರೆತಂದಿತು.

ಹೀಗೆ ಆಪತ್ತಿನಲ್ಲಿ ಉಳಿಸಿದ ಜೀವಕ್ಕೆ ಕಾಪಾಡಿದವರು ಬದುಕುಳಿದವರಿಂದ ಬೆಲೆ ಕೇಳುವುದಿಲ್ಲ. ಹಡಗನ್ನೂ ಸರಕನ್ನೂ ಉಳಿಸಿಕೊಟ್ಟ ಹಡಗಿಗೆ ಮಾತ್ರ, ಉಳಿದದ್ದರ ಬೆಲೆ ನೋಡಿ ಪ್ರತಿಫಲ ಕೊಡಬೇಕೆನ್ನುತ್ತದೆ ಕಡಲ ಕಾನೂನು.